ಇನ್ನೂರೈವತ್ತಾರು ಮಂದಿಯ ಮುಂದೆ

ಡಿಸೆಂಬರ್ 2, ಮಂಗಳವಾರ

ಈ ಮನೆಯಲ್ಲಿ ಇವತ್ತು ಬೆಳಿಗ್ಗೆ ಎಂಟೂವರೆಗೆ ಪ್ರಜಾಪ್ರಭುತ್ವ ಸತ್ತಿತು.

ಇಳಕಲ್ಲಿನ ನೇಕಾರರ ಸಂಘವನ್ನು ಮೂವತ್ತೊಂದು ವರ್ಷ ಹೆಗಲ ಮೇಲೆ ಹೊತ್ತವನು ನಾನು, ಶಿವಸಂಗಪ್ಪ. ನೂಲಿನ ದರ ಏರಿದಾಗ ತಹಶೀಲ್ದಾರ ಕಚೇರಿಯ ಬಾಗಿಲಿಗೆ ಅಡ್ಡ ಮಲಗಿದವನು. ಸಾಹೇಬ ನನ್ನನ್ನು ದಾಟಲು ಪ್ಯಾಂಟು ಎತ್ತಿ ಹಿಡಿದು ನಿಂತದ್ದನ್ನು ಕಣ್ಣಾರೆ ಕಂಡವನು. ಅಂಥವನ ಮನೆಯಲ್ಲಿ ನನ್ನ ಹೆಂಡತಿ ಕಾಳವ್ವ ಅಡುಗೆಮನೆಯ ಹೊಸ್ತಿಲಿಗೆ ಅಡ್ಡ ಕೂತು ನನ್ನ ಕೈಗೇ ಮನವಿ ಪತ್ರ ಕೊಟ್ಟಳು. ಮಾದರಿಯೂ ನನ್ನದೇ. ವಿಷಯ: ಫೋನು ಕೆಳಗಿಡುವ ಕುರಿತು. ಉಲ್ಲೇಖ: ಮೊನ್ನೆ ಭಾನುವಾರ ಹೊಲದಲ್ಲಿ ನಡೆದದ್ದು. ಮಾನ್ಯರೇ.

ಹೊಲದಲ್ಲಿ ನಡೆದದ್ದೇನು? ಏನೂ ಇಲ್ಲ. ಆಕೆ ತೊಗರಿಕಾಯಿ ಚೀಲ ಕಟ್ಟಿ, ತಲೆಯ ಮೇಲೆ ಹೊರಿಸಲು ನನ್ನನ್ನು ಕರೆದಳಂತೆ. ನಾನು ಬನ್ನಿಗಿಡದ ಕೆಳಗೆ ಕೂತು ಸಂಘದ ವಾಟ್ಸಾಪ್ ಗುಂಪಿಗೆ ಬರೆಯುತ್ತಿದ್ದೆ. ಹನ್ನೊಂದು ಸಲ ಕರೆದಳಂತೆ. ಬರೆಯುತ್ತಿದ್ದದ್ದಾದರೂ ಏನು? 'ಮಹಿಳೆಯ ಲೆಕ್ಕಕ್ಕೆ ಬಾರದ ದುಡಿಮೆ'. ಆಕೆಯ ಪರವಾಗಿಯೇ ಬರೆಯುತ್ತಿದ್ದೆ! ಕೊನೆಗೆ ದಾರಿಹೋಕ ಕುರಿಗಾರನೊಬ್ಬ ಚೀಲ ಹೊರಿಸಿದನಂತೆ. ನಾನು ಲೇಖನ ಮುಗಿಸಿ ಮನೆಗೆ ಬಂದು, "ಅಲ್ಲs, ಯಾವಾಗ ಬಂದಿ?" ಅಂದೆ. ಅಷ್ಟೇ ನನ್ನ ಅಪರಾಧ.

ಬೇಡಿಕೆ ಒಂದೇ. ಎಳ್ಳ ಅಮಾವಾಸ್ಯೆಯ ತನಕ ಫೋನು ಜೋಳದ ಡಬ್ಬಿಯೊಳಗೆ. ಒಪ್ಪದಿದ್ದರೆ ನಾಳೆಯಿಂದ ಒಲೆ ಬಂದ್.

"ಇದು ಬೆದರಿಕಿ" ಅಂದೆ.

"ನೀವು ಮಾಡಿದ್ರ ಹೋರಾಟ, ನಾ ಮಾಡಿದ್ರ ಬೆದರಿಕೀನ್ರಿ?"

ಮನವಿಯನ್ನು ತಿರಸ್ಕರಿಸಿದ್ದೇನೆ.

ಡಿಸೆಂಬರ್ 4, ಗುರುವಾರ

ಒಲೆ ಬಂದ್, ಎರಡನೇ ದಿನ. ನಾನೇ ರೊಟ್ಟಿ ಬಡಿದೆ. ಕರ್ನಾಟಕದ ನಕಾಶೆಯಂತೆ ಆಯಿತು. ತಿರುವುವಾಗ ಬೀದರ ಜಿಲ್ಲೆ ಹರಿದು ಹಂಚಿಗೆ ಅಂಟಿಕೊಂಡಿತು. ಖಾನಾವಳಿಗೆ ಹೋದೆ. ನಡೆಸುವ ಹೆಣ್ಣುಮಗಳು ತಟ್ಟೆಯನ್ನೇ ಇಡಲಿಲ್ಲ. "ಕಾಳವ್ವಕ್ಕ ಹೇಳ್ಯಾಳ್ರಿ. ನಿಮಗ ಊಟ ಇಲ್ಲ" ಅಂದಳು. ಮುಂದಿನ ಖಾನಾವಳಿಯಲ್ಲೂ ಅದೇ ಮಾತು. ಒಂದೇ ದಿನದಲ್ಲಿ ಇಷ್ಟು ಗಟ್ಟಿ ಸಂಘಟನೆ! ಮೂವತ್ತೊಂದು ವರ್ಷದಲ್ಲಿ ನನ್ನಿಂದಲೂ ಆಗಿಲ್ಲ.

ಸಂಜೆ ಒಪ್ಪಂದಕ್ಕೆ ಸಹಿ ಹಾಕಿದೆ. ಕಾಳವ್ವ ಫೋನನ್ನು ಅರಿವೆಯಲ್ಲಿ ಸುತ್ತಿ ಡಬ್ಬಿಯ ತಳಕ್ಕೆ ಇಟ್ಟು, ಮೇಲೆ ಒಂದು ಚೀಲ ಜೋಳ ಸುರಿದಳು. ಹೆಣದ ಮೇಲೆ ಮಣ್ಣು ಹಾಕಿದ ಹಾಗೆ ಕಂಡಿತು. ಆಮೇಲೆ ಬಿಸಿ ರೊಟ್ಟಿ, ಪುಂಡಿಪಲ್ಯ. ಐದು ತಿಂದೆ. ಇದನ್ನು ಸೋಲು ಅಂತ ಕರೆಯಲಾರೆ. ತಾತ್ಕಾಲಿಕ ಹಿಂಜರಿತ.

ಡಿಸೆಂಬರ್ 5, ಶುಕ್ರವಾರ

ಬಲಗೈ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಅಲ್ಲಾಡುತ್ತಿದೆ. ಗೋಡೆಯ ಕ್ಯಾಲೆಂಡರನ್ನು ಬೆರಳಿನಿಂದ ಮೇಲಕ್ಕೆ ತಳ್ಳಿ ನೋಡಿದೆ. ಕಾಳವ್ವ ಮಗ್ಗದಲ್ಲಿ ಕೂತು ನಕ್ಕಳು.

ನಗಲಿ. ಇನ್ನೂರೈವತ್ತಾರು ಮಂದಿಯ ಗುಂಪು ನನ್ನದು, 'ನೇಕಾರ ದನಿ'. ನಾನಿಲ್ಲದೆ ಅದು ಅನಾಥ. ಕಳೆದ ತಿಂಗಳು ಧರಣಿಗೆ ಕರೆ ಕೊಟ್ಟಾಗ ಇನ್ನೂರ ಹನ್ನೆರಡು ಮುಷ್ಟಿಗಳು ಬಂದಿದ್ದವು, ಫೋನಿನಲ್ಲಿ ಒತ್ತುವ ಚಿತ್ರದ ಮುಷ್ಟಿಗಳು. ಕಚೇರಿಯ ಮುಂದೆ ಬಂದದ್ದು ನಾಲ್ಕು ಮಂದಿ: ನಾನು, ಕಾಳವ್ವ, ನಮ್ಮನ್ನು ಕಾಯಲು ಕಳಿಸಿದ ಪೊಲೀಸ, ಜಾತಿ ಪ್ರಮಾಣಪತ್ರಕ್ಕೆ ಬಂದಿದ್ದ ಒಬ್ಬ. 'ಬೇಕೇ ಬೇಕು' ಅಂತ ನಾನು ಕೂಗಿದರೆ 'ನ್ಯಾಯ ಬೇಕು' ಅನ್ನುವ ದನಿ ಇರಲಿಲ್ಲ. ಪೊಲೀಸನೇ ಮೆಲ್ಲಗೆ ಅಂದ, ಪಾಪ.

ಡಿಸೆಂಬರ್ 7, ಭಾನುವಾರ

ಮಾಡಲು ಕೆಲಸವಿಲ್ಲದೆ ಕಾಳವ್ವನ ಸಂಗಡ ಹೊಲಕ್ಕೆ ಹೋದೆ. ಹುನಗುಂದದ ದಾರಿಯಲ್ಲಿ ನಮಗೆ ಎರಡು ಎಕರೆ ಎರೆಹೊಲ ಇದೆ. ಜೋಳ ಎದೆಮಟ್ಟ ಬಂದಿದೆ. ಯಾವಾಗ ಬಂತೋ!

ಬದುವಿನ ಆಚೆ ಗೌಸಸಾಬನ ಹೊಲ. ಕಡಲೆ ಬಿತ್ತಿದ್ದಾನೆ. ನನ್ನನ್ನು ಕಂಡವನೇ ಬೆನ್ನು ತಿರುಗಿಸಿ ಕೂತ.

ಗೌಸಸಾಬನ ಬಗ್ಗೆ ಇಲ್ಲಿ ಬರೆದಿಡಬೇಕು. ಅವನದು ಮೈಕ್‌ಸೆಟ್ ಅಂಗಡಿ. ನಾನು ಭಾಷಣ ಮಾಡಿದಲ್ಲೆಲ್ಲ ಅವನ ಮೈಕು. ನಾನು ಘೋಷಣೆ ಕೂಗಿದಲ್ಲೆಲ್ಲ ಉತ್ತರ ಅವನದು. ಎಳ್ಳ ಅಮಾವಾಸ್ಯೆಗೆ ನಮ್ಮ ಹೊಲದಲ್ಲಿ ಚರಗ ಚೆಲ್ಲುವಾಗಲೂ ಹಾಗೇ. ಚರಗ ಒಬ್ಬರಿಂದ ಆಗುವ ಕೆಲಸವಲ್ಲ. ಮುಂದೆ ಹೋಗುವವನು ಅಡುಗೆಯನ್ನು ಪೈರಿಗೆ ಎರಚುತ್ತ 'ಹುಲ್ಲುಲ್ಲಿಗ್ಯೋ' ಅನ್ನಬೇಕು. ಹಿಂದೆ ನೀರು ಚಿಮುಕಿಸುತ್ತ ಬರುವವನು 'ಸಲಾಂಬರಿಗ್ಯೋ' ಅನ್ನಬೇಕು. "ಇದರಾಗ ಸಲಾಂ ಐತಲೇ ಸಂಗ್ಯಾ, ಇದು ನಮ್ಮ ಪಾಲು" ಅಂತ ಮೂವತ್ತು ವರ್ಷ ಅವನೇ ಉತ್ತರ ಕೊಟ್ಟ. ನಾನು ವಿಚಾರವಾದಿ, ಭೂಮಿಗೆ ಹಸಿವಾಗುತ್ತದೆ ಅಂತ ನಂಬುವವನಲ್ಲ. ಆದರೆ ಅವನ ದನಿ ನಾಲ್ಕು ಹೊಲ ದಾಟಿ ಕೇಳುತ್ತಿತ್ತು, ಅದು ಸುಳ್ಳಲ್ಲ.

ಎರಡು ವರ್ಷದಿಂದ ಅವನು ಬಂದಿಲ್ಲ. ಸೈದ್ಧಾಂತಿಕ ಭಿನ್ನಾಭಿಪ್ರಾಯ. ಯಾವುದರ ಬಗ್ಗೆ ಅಂತ ಕಾಳವ್ವ ಕೇಳಿದಳು. ಅದನ್ನು ಇನ್ನೂ ಕಂಡುಕೊಳ್ಳಬೇಕಿದೆ.

ಹೋದ ವರ್ಷ ನಾನೊಂದು ಉಪಾಯ ಮಾಡಿದ್ದೆ. ಯೂಟ್ಯೂಬಿಗೆ ಹಾಕಿದ್ದ ಹಳೆಯ ವಿಡಿಯೋ ಒಂದರಲ್ಲಿ ಗೌಸಸಾಬನ 'ಸಲಾಂಬರಿಗ್ಯೋ' ಇತ್ತು. ನಾನು 'ಹುಲ್ಲುಲ್ಲಿಗ್ಯೋ' ಅಂದು ಫೋನು ಒತ್ತಿದೆ. ಉತ್ತರ ಬಂತು, ನಡುನಡುವೆ ಸಿಮೆಂಟಿನ ಜಾಹೀರಾತೂ ಬಂತು. ಬದುವಿನಾಚೆ ಗೌಸಸಾಬ ತನ್ನ ದನಿಯನ್ನು ತಾನೇ ಕೇಳುತ್ತ ಕೊಡಲಿ ಹಿಡಿದು ನಿಂತಿದ್ದ. ನಾನು ಇದನ್ನು ತಂತ್ರಜ್ಞಾನದ ಜನಪರ ಬಳಕೆ ಅಂತ ಗುಂಪಿನಲ್ಲಿ ಬರೆದೆ. ನೂರ ತೊಂಬತ್ತು ಮುಷ್ಟಿ.

ಡಿಸೆಂಬರ್ 8, ಸೋಮವಾರ

ಮತ್ತೆ ಹೊಲ. ಗೌಸಸಾಬ ಇರಲಿಲ್ಲ. ಅವನ ಹೆಂಡತಿ ಜೋಹರಾ ಕಡಲೆಯ ಕುಡಿ ಚಿವುಟುತ್ತಿದ್ದಳು. ಬಾಯಿ ಖಾರ, ಕೈ ಧಾರಾಳ. ನನ್ನನ್ನು ಮೊದಲಿನಿಂದಲೂ ಅಣ್ಣ ಅನ್ನುತ್ತಾಳೆ.

"ಫೋನ್ ಎಲ್ಲೈತೋ ಅಣ್ಣಾ? ಕೈ ಖಾಲಿ ಕಾಣತೈತಿ. ಆರಾಮ ಇಲ್ಲೇನು?"

"ಜ್ವಾಳದ ಡಬ್ಬ್ಯಾಗ ಐತಿ. ಅದಿರ್ಲಿ ಜೋಹರವ್ವಾ, ಗೌಸ್ಯಾ ನನ್ನ ಮ್ಯಾಲೆ ಯಾಕ ಸಿಟ್ಟಾಗ್ಯಾನ?"

ಜೋಹರಾ ಕೈಯಲ್ಲಿದ್ದ ಕುಡಿಗಳನ್ನು ಉಡಿಗೆ ಹಾಕಿಕೊಂಡಳು. ನನ್ನನ್ನೇ ನೋಡಿದಳು.

"ಖರೇನ ಗೊತ್ತಿಲ್ಲೇನು? ನನಗ ರಕ್ತ ಬೇಕಾದಾಗ ನೀ ಮುಷ್ಟಿ ಕಳಸಿದ್ದೆಲ್ಲೋ!"

ಆಕೆ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ಎರಡು ವರ್ಷದ ಹಿಂದೆ ಬಾಗಲಕೋಟೆಯ ದವಾಖಾನೆಯಲ್ಲಿ ಆಕೆಗೆ ಆಪರೇಷನ್. ಆಕೆಯದು ಓ ನೆಗೆಟಿವ್, ನನ್ನದೂ ಅದೇ. ಸಂಘದ ರಕ್ತದಾನ ಶಿಬಿರದಲ್ಲಿ ಗೌಸಸಾಬನೇ ನನ್ನ ಚೀಟಿ ಬರೆಸಿದ್ದ, ನನ್ನ ರಕ್ತದ ಗುಂಪು ಅವನಿಗೆ ಬಾಯಿಪಾಠ. ಆರು ಸಲ ಫೋನು ಹಚ್ಚಿದ. ನಾನು ಎತ್ತಲಿಲ್ಲ; ಫೇಸ್‌ಬುಕ್ಕಿನಲ್ಲಿ ನೇರಪ್ರಸಾರದ ಭಾಷಣದಲ್ಲಿದ್ದೆ. ಆಗ ಗುಂಪಿಗೆ ಬರೆದ. ನಾನು ಒಂದು ಮುಷ್ಟಿ ಹಾಕಿದೆ. ಅದರ ಕೆಳಗೆ 'ಗುಂಪಿನಲ್ಲಿ ಖಾಸಗಿ ವಿಷಯ ಬೇಡ, ಶಿಸ್ತು ಕಾಪಾಡಿ' ಅಂತ ಬರೆದೆ. ಅವನನ್ನು ಗುಂಪಿನಿಂದ ತೆಗೆದೆ.

"ಪೂರಾ ಓದಿರಲಿಲ್ಲ ಅಂತ ನನಗ ಗೊತ್ತೈತಿ, 'ನನ್ನ ಹೆಂಡ್ತಿಗೆ' ಅಂದಷ್ಟs ನೋಡಿರಬೇಕು. ಓದಿದ್ದರ ಓಡಿ ಬರ್ತಿದ್ದಿ" ಅಂದಳು ಜೋಹರಾ. "ಕಡೀಕ ಗುರುತಿಲ್ಲದ ಬಸ್ ಕಂಡಕ್ಟರೊಬ್ಬ ಕೊಟ್ಟ. ಅದಕ್ಕ ನೋಡು, ಈಗ ನಾ ಮನ್ಯಾಗ ಎಲ್ಲಾರಿಗೂ 'ಒಳಗ ಸರೀರಿ, ಒಳಗ ಸರೀರಿ' ಅಂತೇನಿ."

ಆಕೆ ನಕ್ಕಳು. ನನಗೆ ನಗೆ ಬರಲಿಲ್ಲ. ಮನೆಗೆ ಬಂದು ಕಾಳವ್ವನನ್ನು ತರಾಟೆಗೆ ತೆಗೆದುಕೊಂಡೆ: ಇದನ್ನು ನನಗ್ಯಾಕೆ ಹೇಳಲಿಲ್ಲ?

"ಮೂರು ಸಲ ಹೇಳೇನಿ. ಮೂರೂ ಸಲ 'ಹೂಂ' ಅಂದ್ರಿ. ನಾಕನೇ ಸಲ ನಾನs ಬುತ್ತಿ ಕಟಗೊಂಡು ಬಾಗಲಕೋಟಿಗೆ ಹ್ವಾದೆ. ಎಂಟು ದಿನ ಅಲ್ಲೇ ಇದ್ದೆ. ನಾ ಮನ್ಯಾಗ ಇರಲಿಲ್ಲ ಅನ್ನೂದಾರ ಗೊತ್ತೈತ್ಯೋ ಇಲ್ಲೋ?"

ಡಿಸೆಂಬರ್ 9, ಮಂಗಳವಾರ

ಏನೂ ಬರೆಯಲಾರೆ.

ಡಿಸೆಂಬರ್ 10, ಬುಧವಾರ

ಮೈಕ್ ಅಂಗಡಿಗೆ ಹೋದೆ. ಗೌಸಸಾಬ ಹಾರ್ನಿನ ಬಾಯಿ ಒರೆಸುತ್ತಿದ್ದ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. "ಗೌಸ್, ಚಳವಳಿಯ ಇತಿಹಾಸದಾಗ ಕೆಲವು ಸಲ ತಾಂತ್ರಿಕ ಕಾರಣಕ್ಕ..." ಅಂತ ಸುರು ಮಾಡಿದೆ.

"ಮುಚ್ಚಲೇ ಬಾಯಿ."

ಎರಡು ವರ್ಷದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು. ಅದೇನೋ ಹಿತವಾಯಿತು.

"ಇನ್ನೂರೈವತ್ತಾರು ಮಂದಿ ಮುಂದ ನನ್ನ ಕಸ ತಗದಾಂಗ ತಗದಿ. ಈಗ ಒಬ್ಬನs ಬಂದು ಅಂಗಡ್ಯಾಗ ಪಿಸಿಪಿಸಿ ಅಂದ್ರ ಆಗೂದಿಲ್ಲ. ಅಷ್ಟೂ ಮಂದಿ ಮುಂದ ತಪ್ಪಾತು ಅನ್ನು. ಫೋನಿನ್ಯಾಗ ಅಲ್ಲ. ಬಾಯಿಲೆ, ನನ್ನ ಮಾರಿ ನೋಡಿ."

"ಅಷ್ಟೂ ಮಂದೀನ ಎಲ್ಲಿ ಕೂಡಸಲಿ?"

"ನೀ ನಾಯಕ. ನಿನಗs ಗೊತ್ತು. ಚರಗಕ್ಕ ಕರಿ. ಅವರು ಬಂದ್ರ ನಾನೂ ಬರ್ತೇನಿ. ಬರಲಿಲ್ಲಂದ್ರ ಬದುವಿನ ಈಚೆ ನಾ, ಆಚೆ ನೀ. ಸಾಯೂ ತನಕ."

ಅವನು ತಮಾಷೆಗೆ ಹೇಳಲಿಲ್ಲ. ಹಾರ್ನನ್ನು ನನ್ನ ಕಡೆಗೆ ತಿರುಗಿಸಿ ಇಟ್ಟು ಒಳಗೆ ಹೋದ. ಅಮಾವಾಸ್ಯೆಗೆ ಒಂಬತ್ತೇ ದಿನ.

ಡಿಸೆಂಬರ್ 12, ಶುಕ್ರವಾರ

ಫೋನಿಲ್ಲದೆ ಮಂದಿಯನ್ನು ಹುಡುಕುವುದು ಹೇಗೆ? ಡಬ್ಬಿಗೆ ಕೈ ಹಾಕಲು ಹೋದೆ. ಕಾಳವ್ವ ಸೌಟು ತೋರಿಸಿದಳು. ಕೊನೆಗೆ ಆಕೆಯೇ ಮಗ್ಗದಡಿ ಕಾಲಿಡುವ ತಗ್ಗಿನಿಂದ ಸಂಘದ ಹಳೆಯ ಸದಸ್ಯತ್ವದ ಪುಸ್ತಕ ತೆಗೆದುಕೊಟ್ಟಳು. ಹೆಸರು, ಓಣಿ, ಮಗ್ಗ ಎಷ್ಟು, ಎಲ್ಲ ನನ್ನದೇ ಕೈಬರಹ.

ಮೊದಲನೇ ಓಣಿಯಲ್ಲೇ ಸಿಕ್ಕಿಬಿದ್ದೆ. ನೇಕಾರ ಮುತ್ತುರಾಜನ ಮನೆಯ ಮುಂದೆ ಬೀದಿಯುದ್ದಕ್ಕೂ ಸೀರೆಯ ಹಾಸು, ಅಂದರೆ ಉದ್ದದ ಎಳೆಗಳನ್ನು, ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ಗಂಜಿ ಒಣಗುವ ಮೊದಲು ಎಳೆ ಬಿಡಿಸಬೇಕು. ಎಂಟು ಮಂದಿ ಬೇಕಾದಲ್ಲಿ ಇವರು ಐದೇ ಮಂದಿ. ನಾನು ಗಂಟಲು ಸರಿಮಾಡಿಕೊಂಡು, "ಬಂಧುಗಳೇ" ಅಂದೆ. ಮುತ್ತುರಾಜ ನನ್ನ ಕೈಗೆ ಕುಂಚ ತುರುಕಿ, "ಕಾಕಾ, ಮದಲ ಆ ಮಗ್ಗಲ ಹಿಡೀರಿ" ಅಂದ. ಎರಡು ತಾಸು ಹಿಡಿದೆ. ಬೆನ್ನು ಬಿಸಿಲಿಗೆ, ಮೂಗು ಗಂಜಿಗೆ. ನಾನು ಕೈಮಗ್ಗದ ಅಳಿವಿನ ಬಗ್ಗೆ ನೂರಾರು ಪುಟ ಬರೆದಿದ್ದೇನೆ. ಗಂಜಿಯ ವಾಸನೆ ಮರೆತೇಹೋಗಿತ್ತು.

ಕೆಲಸ ಮುಗಿದ ಮೇಲೆ ಚರಗದ ಮಾತೆತ್ತಿದೆ. "ಗುಂಪಿನ್ಯಾಗ ಹಾಕಿದ್ದರ ಸಾಕಿತ್ತಲ್ರಿ" ಅಂದ ಒಬ್ಬ.

"ಹಾಕಿದ್ದರ ಬರ್ತಿದ್ದೇನು?"

"ಇಲ್ಲರಿ. ಮುಷ್ಟಿ ಹಾಕ್ತಿದ್ದೆ."

ಈ ಓಣಿಯಿಂದ ಒಂಬತ್ತು ಮಂದಿ ಬರುತ್ತಾರೆ.

ಡಿಸೆಂಬರ್ 14, ಭಾನುವಾರ

ಕಾಳವ್ವನೂ ಸಂಗಡ ಬಂದಳು. ಬಸ್ಸಿನಲ್ಲಿ ಆಕೆಗೆ ಟಿಕೆಟಿಲ್ಲ, ಸೀಟು ಉಂಟು. ನನಗೆ ಟಿಕೆಟು ಉಂಟು, ಸೀಟಿಲ್ಲ. ಅಮೀನಗಡದಲ್ಲಿ ಕರದಂಟಿನ ಅಂಗಡಿಯಲ್ಲಿ ದುಡಿಯುವ ಇಬ್ಬರು ಹಳೆಯ ಸದಸ್ಯರು ಸಿಕ್ಕರು, ಒಪ್ಪಿದರು. ಅಲ್ಲಿಂದ ಬಸ್ಸು ಬದಲಿಸುತ್ತ ಕುಳಗೇರಿ ಕ್ರಾಸ್.

ಕ್ರಾಸಿಗೆ ಹೋದದ್ದು ಬಸಲಿಂಗವ್ವನನ್ನು ಕಾಣಲು. ನನ್ನ ಗುಂಪಿನ ಅತ್ಯಂತ ನಿಷ್ಠಾವಂತ ಹೋರಾಟಗಾರ್ತಿ. ನಾನು ಏನೇ ಹಾಕಲಿ, ಮೊದಲ ಮುಷ್ಟಿ ಆಕೆಯದು. ಚುರುಕಾದ ತರುಣಿಯೊಬ್ಬಳನ್ನು ಮನಸ್ಸಿನಲ್ಲೇ ರೂಪಿಸಿಕೊಂಡು, ಮುಂದಿನ ಕಾರ್ಯದರ್ಶಿ ಮಾಡಬೇಕು ಅಂತಲೂ ನಿರ್ಧರಿಸಿದ್ದೆ.

ಕ್ರಾಸಿನ ಚಹಾದ ಗೂಡಂಗಡಿಯಲ್ಲಿ ಕೂತಿದ್ದವಳು ಎಂಬತ್ತು ದಾಟಿದ ಮುದುಕಿ. ನೇಯುವುದು ಬಿಟ್ಟು ಇಪ್ಪತ್ತು ವರ್ಷವಾಯಿತಂತೆ. ನನ್ನ ಲೇಖನಗಳ ಬಗ್ಗೆ ಕೇಳಿದೆ.

"ನನಗ ಓದಾಕ ಬರೂದಿಲ್ಲ ಯಪ್ಪಾ. ಟಿಣ್ ಅಂತೈತಿ. ಯಾರೋ ಕರದಾಂಗ ಆಕ್ಕೈತಿ. 'ಓ' ಅನಬೇಕಲ್ಲ, ಅದಕ್ಕ ಒತ್ತತೇನಿ."

ಕಾಳವ್ವ ನನ್ನನ್ನು ಓರೆಗಣ್ಣಿಂದ ನೋಡಿದಳು. ಹನ್ನೊಂದು ಸಲ ಕರೆದವಳ ನೋಟ ಅದು.

"ಅಷ್ಟು ದೂರದಿಂದ ಬಂದೀರಿ, ಉಂಡೀರೇನು?" ಅಂದಳು ಮುದುಕಿ. ತನ್ನ ಬುತ್ತಿಯನ್ನೇ ಬಿಚ್ಚಿ ನಮ್ಮ ಮುಂದಿಟ್ಟಳು. ಚರಗಕ್ಕೆ ಕರೆದೆ. ಇಷ್ಟು ವಯಸ್ಸಿಗೆ ಬರಲಾರಳು ಅಂದುಕೊಂಡಿದ್ದೆ. "ಬಾ ಅಂತ ಬಂದು ಕರದೀರಿ, ಬರದs ಇರ್ತೇನೇನು?" ಅಂದಳು.

ಡಿಸೆಂಬರ್ 17, ಬುಧವಾರ

ವರದಿ. ಇನ್ನೂರೈವತ್ತಾರರಲ್ಲಿ ತೀರಿಕೊಂಡವರು ಹನ್ನೊಂದು. ಅದರಲ್ಲಿ ಮೂವರ ಹುಟ್ಟುಹಬ್ಬಕ್ಕೆ ಈ ವರ್ಷವೂ ಶುಭಾಶಯ ಹಾಕಿದ್ದೇನೆ. ನಂಬರು ಬೇರೆಯವರ ಪಾಲಾದದ್ದು ಮೂವತ್ತೆಂಟು. ಗುಂಪನ್ನು ಮುಚ್ಚಿಟ್ಟವರು, ಅಂದರೆ ಟಿಣ್ ಅನ್ನದ ಹಾಗೆ ಮಾಡಿಕೊಂಡವರು, ಉಳಿದ ಬಹುತೇಕ ಎಲ್ಲರೂ. ಮೂರು ನಂಬರು ನನ್ನವೇ. ಬರುತ್ತೇವೆ ಅಂದವರು ಐವತ್ತರ ಆಸುಪಾಸು.

"ಐವತ್ತು ಮಂದಿಗೆ ಸಜ್ಜಿ ರೊಟ್ಟಿ ಯಾರು ಬಡೀಬೇಕ್ರಿ? ನಿಮ್ಮ ಲೇಖನಾನ?" ಅಂದಳು ಕಾಳವ್ವ. ಆಮೇಲೆ ಖಾನಾವಳಿಯ ಹೆಣ್ಣುಮಕ್ಕಳಿಗೆ ಹೇಳಿಕಳಿಸಿದಳು. ನನ್ನನ್ನು ಹಸಿವಿನಿಂದ ಕೆಡವಿದ ಸಂಘಟನೆಯೇ ಈಗ ಅಂಗಳದಲ್ಲಿ ಕೂತು ರೊಟ್ಟಿಗೆ ಎಳ್ಳು ಹಚ್ಚುತ್ತಿದೆ. ನನಗೆ ಬದನೆಕಾಯಿ ಸೀಳುವ ಕೆಲಸ. ನನ್ನ ಬಗ್ಗೆಯೇ ಹಾಡು ಕಟ್ಟಿ ನಗುತ್ತಿದ್ದಾರೆ. ಹಾಡು ಕೆಟ್ಟದಾಗೇನೂ ಇಲ್ಲ.

ಡಿಸೆಂಬರ್ 19, ಶುಕ್ರವಾರ. ಎಳ್ಳ ಅಮಾವಾಸ್ಯೆ

ಮುಂಜಾನೆ ಹತ್ತಕ್ಕೆ ಹೊಲದಲ್ಲಿ ನಾನು, ಕಾಳವ್ವ, ಬನ್ನಿಗಿಡ, ಒಂಬತ್ತು ಬುಟ್ಟಿ ಅಡುಗೆ. ಮತ್ಯಾರೂ ಇಲ್ಲ. ಹತ್ತೂವರೆಗೂ ಇಲ್ಲ. ಬದುವಿನಾಚೆ ಗೌಸಸಾಬ ಕಂಬಳಿ ಹಾಸಿ, ನನ್ನ ಕಡೆ ಬೆನ್ನು ಮಾಡಿ ಕೂತಿದ್ದ. ಜೇಬಿಗೆ ಕೈ ಹಾಕಿದೆ, ಎಲ್ಲಿದ್ದೀರಿ ಅಂತ ಕೇಳಲು. ಜೇಬಿನಲ್ಲಿ ಶೇಂಗಾ ಇತ್ತು.

ಮೊದಲು ಕಂಡದ್ದು ಬಸಲಿಂಗವ್ವ. ಕಾಲುದಾರಿಯಲ್ಲಿ ಕೋಲೂರುತ್ತ, ಕಂಕುಳಲ್ಲಿ ಚೀಲ. ಅವಳ ಹಿಂದೆ ಟ್ರ್ಯಾಕ್ಟರು. ಅದರಲ್ಲಿ ಮುತ್ತುರಾಜನ ಓಣಿಯ ಅಷ್ಟೂ ಮಂದಿ. ಅಮೀನಗಡದವರು ಒಂದು ಪೊಟ್ಟಣ ಕರದಂಟಿನೊಡನೆ. ಆಮೇಲೆ ನಾನು ಕರೆಯದವರೂ ಬಂದರು. ಧರಣಿ ಕಾಯಲು ಬಂದಿದ್ದ ಆ ಪೊಲೀಸನೂ ಬಂದ, ಲುಂಗಿಯಲ್ಲಿ.

ಗೌಸಸಾಬ ಎದ್ದು ಬದುವಿನ ಮೇಲೆ ನಿಂತು, ಬೆರಳು ಮಡಚುತ್ತ ಎಣಿಸಿದ.

"ಅರವತ್ತ್ಮೂರು. ನೂರಾ ತೊಂಬತ್ತ್ಮೂರು ಕಡಿಮಿ ಅದಾವು."

ಆಗ ಅವನ ಹಿಂದಿನಿಂದ ಜೋಹರಾ ಬುಟ್ಟಿ ಹೊತ್ತು ಬಂದಳು. "ಜ್ವಾಳದ ತೆನಿ ಎಣಸ್ರಿ, ಲೆಕ್ಕ ತುಂಬತೈತಿ. ಮುಂದಕ್ಕ ಸರೀರಿ, ದಾರಿ ಬಿಡ್ರಿ" ಅಂತ ಗಂಡನನ್ನು ಬೆನ್ನಿಗೆ ತಳ್ಳಿ ಬದುವಿನ ಈಚೆ ಇಳಿಸಿಬಿಟ್ಟಳು.

ಎಲ್ಲರೂ ನನ್ನನ್ನೇ ನೋಡಿದರು. ಸಾವಿರ ಭಾಷಣ ಮಾಡಿದವನು ನಾನು. "ಬಂಧುಗಳೇ, ಇಂದಿನ ಈ ಸಂದರ್ಭದಲ್ಲಿ..."

"ಭಾಷಣ ಬ್ಯಾಡ" ಅಂದ ಗೌಸಸಾಬ.

ಅವನ ಮುಖ ನೋಡಿದೆ. ಗಡ್ಡ ಪೂರ್ತಿ ಬೆಳ್ಳಗಾಗಿದೆ. ಎರಡು ವರ್ಷ ಪಕ್ಕದ ಹೊಲದಲ್ಲಿದ್ದವನ ಗಡ್ಡ ಬೆಳ್ಳಗಾದದ್ದು ನನಗೆ ಗೊತ್ತಿರಲಿಲ್ಲ.

"ನನ್ನ ತಪ್ಪಾತು, ಗೌಸ್ಯಾ. ನೀ ಕರದಿ. ನಾ ಕೇಳಲಿಲ್ಲ."

"ಕೇಳಸವಲ್ಲದು."

"ತಪ್ಪಾತು!"

"ಹಿಂದಿನ ಮಂದಿಗೆ ಕೇಳಸಲಿಲ್ಲ. ಮೈಕಿಲ್ಲ, ಜೋರಾಗಿ ಅನ್ನಲೇ."

"ತಪ್ಪಾತಲೇ ಮಗನs!" ಅಂತ ಕೂಗಿದೆ. ಮೂರು ಹೊಲದಾಚೆ ಯಾರದೋ ನಾಯಿ ಬೊಗಳಿತು. ಮಂದಿ ಬಿದ್ದು ಬಿದ್ದು ನಕ್ಕರು. ಬಸಲಿಂಗವ್ವನಿಗೆ ಏನು ತಿಳಿಯಿತೋ, ತಾನೇ ಮುಷ್ಟಿ ಎತ್ತಿದಳು. ಈ ಸಲ ಖರೆ ಮುಷ್ಟಿ, ನಾಲ್ಕು ಬಳೆಗಳ ಸಮೇತ.

ಚರಗ ಸುರುವಾಯಿತು. ನಾನು ಬುಟ್ಟಿ ಹಿಡಿದು ಜೋಳದ ಸಾಲಿಗೆ ಇಳಿದೆ. ಗೌಸಸಾಬ ತಂಬಿಗೆ ಹಿಡಿದು ಹಿಂದೆ ನಿಂತ. ಒಂದು ಹಿಡಿ ಎರಚಿ ಕೂಗಿದೆ: "ಹುಲ್ಲುಲ್ಲಿಗ್ಯೋ!"

ಉತ್ತರವಿಲ್ಲ.

ತಿರುಗಿ ನೋಡಿದೆ. ಅವನ ಬಾಯಿ ತೆರೆದಿದೆ, ದನಿ ಬರುತ್ತಿಲ್ಲ. ಕಣ್ಣಲ್ಲಿ ನೀರು. "ಮೆಣಸಿನ್ಕಾಯಿ ಚಟ್ನಿ ಘಾಟು" ಅಂತ ಕೈಸನ್ನೆ ಮಾಡಿದ. ಚಟ್ನಿಯ ಬುಟ್ಟಿ ಇನ್ನೂ ಬಿಚ್ಚಿರಲಿಲ್ಲ.

"ಸಲಾಂಬರಿಗ್ಯೋ!"

ಜೋಹರಾ. ಸೊಂಟಕ್ಕೆ ಕೈಯಿಟ್ಟು, ಕತ್ತೆತ್ತಿ, ಏನು ದನಿ ಅದು! ಚರಗದ ಕೂಗು ಗಂಡಸರದ್ದು ಅಂತ ಯಾರೋ ಯಾವಾಗಲೋ ಹೇಳಿದ್ದನ್ನು, ಸಮಾನತೆಯ ಬಗ್ಗೆ ಮೂವತ್ತು ವರ್ಷ ಅರಚಿದ ನಾನೂ ಸುಮ್ಮನೆ ಪಾಲಿಸಿಕೊಂಡು ಬಂದಿದ್ದೆ. "ಏ ಮೈಕ್‌ಸಾಬ, ಚಾಲೂ ಆಗ್ರೀ" ಅಂತ ಗಂಡನಿಗೆ ಕೂಗಿದಳು. ಎರಡನೆಯ ಕೂಗಿಗೆ ಕಾಳವ್ವನೂ ಸೇರಿದಳು. ಮೂರನೆಯದಕ್ಕೆ ಅರವತ್ತ್ಮೂರೂ ಮಂದಿ. ನಾಲ್ಕನೆಯದಕ್ಕೆ ಗೌಸಸಾಬನ ದನಿ ಎದ್ದಿತು. ಮೊದಲಿಗಿಂತ ಒಡಕಾಗಿದೆ, ಆದರೆ ನಾಲ್ಕು ಹೊಲ ದಾಟಿತು. ಆಚೆ ಹೊಲದವರು ತಿರುಗಿ ಕೂಗಿದರು.

ಉಂಡೆವು. ಗೌಸಸಾಬ ನನ್ನ ತಟ್ಟೆಯ ಎಣ್ಣೆಗಾಯಿ ಕಿತ್ತುಕೊಂಡ. ಮಧ್ಯಾಹ್ನವೆಲ್ಲ ಬನ್ನಿಗಿಡದ ನೆರಳು ಸರಿದ ಹಾಗೆ ನಾವೂ ಸರಿಯುತ್ತ ಕೂತೆವು. ಮುಂದಿನ ಧರಣಿಗೆ ತಾರೀಖು ಯಾವಾಗ ಅಂತ ಮುತ್ತುರಾಜ ಕೇಳಿದ. ಈ ಸಲ ಹಾಸಿನ ಕುಂಚ ಹಿಡಿದೇ ಹೋಗೋಣ ಅಂದರು ಯಾರೋ. ನಾನು ಬರೆದುಕೊಳ್ಳಲಿಲ್ಲ. ಅರವತ್ತ್ಮೂರು ಮಂದಿಗೆ ನೆನಪಿರುತ್ತದೆ.

ಡಿಸೆಂಬರ್ 21, ಭಾನುವಾರ

ರೊಟ್ಟಿಗೆ ಜೋಳ ತೆಗೆಯುವಾಗ ಕಾಳವ್ವನ ಕೈಗೆ ಏನೋ ಗಟ್ಟಿ ತಗುಲಿತಂತೆ. "ಒಪ್ಪಂದ ಮೊನ್ನೇನ ಮುಗೀತಲ್ರಿ. ತಗೀಲೇನು?" ಅಂದಳು. ನಾನು ನನ್ನ ಹೊಲದ ಚಪ್ಪಲಿ ಹುಡುಕುತ್ತಿದ್ದೆ, ಹೂಂ ಅಂದೆನೋ ಉಹೂಂ ಅಂದೆನೋ. ಇವತ್ತು ಜೋಹರವ್ವನ ಹೊಲದಲ್ಲಿ ಕಡಲೆ ಚಿವುಟಬೇಕು. ಗೌಸ್ಯಾ ತಡ ಮಾಡಿದರೆ ಬೈಯುತ್ತಾನೆ.

ಇದನ್ನು ಬರೆಯುತ್ತಿರುವಾಗಲೇ ಕಾಳವ್ವ ಅಂಗಳದಿಂದ ಕರೆದಳು. ಬುತ್ತಿಯ ಗಂಟು ತಲೆಗೆ ಹೊರಿಸಬೇಕಂತೆ. ಒಂದೇ ಸಲ ಕರೆದಿದ್ದಾಳೆ. ಪೆನ್ನು ಮುಚ್ಚಿದೆ.